ಮುಗಿಲಲ್ಲಿ ಒಂದೂ ಮೋಡ ಇಲ್ಲ ಅಂದರೆ ತಪ್ಪೇನಿಲ್ಲ

ಪ್ರಶ್ನೆ: ನನ್ನ ತವರು ಮೈಸೂರು ಕಡೆ. ಮದುವೆಯಾಗಿ ಧಾರವಾಡಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಮೊನ್ನೆ ನಮ್ಮತ್ತೆ ಅಂಗಳದಲ್ಲಿ ನಿಂತು, 'ಮುಗಲ ನೋಡವಾ, ಒಂದರೆ ಮ್ವಾಡ ಐತೇನು' ಅಂದರು. ಮುಗಿಲು ಅಂದರೂ ಮೋಡವೇ ಅಲ್ವಾ? ಮೋಡದಲ್ಲಿ ಮೋಡ ಹುಡುಕೋದು ಹೇಗೆ? ಮಗಳ ಪಾಠದಲ್ಲಿ 'ಮೋಡ, ಮುಗಿಲು, ಮೇಘ ಮೂರೂ ಒಂದೇ' ಅಂತ ಬರೆಸಿದ್ದಾರೆ. ಯಾವುದು ಸರಿ? ಎಲ್ಲಿ ಯಾವ ಪದ ಬಳಸಬೇಕು?

ಉತ್ತರ: ನಿಮ್ಮತ್ತೆ ಹೇಳಿದ್ದು ಸರಿ. ಮಗಳ ಪಾಠ ತಪ್ಪು ಅನ್ನಲಾರೆ, ಆದರೆ ಅದು ಅರ್ಧ ದಾರಿಗೇ ನಿಂತಿದೆ. ಮೂರು ಪದಗಳಿಗೂ ನಂಟು ಇರೋದು ನಿಜ. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮೊದಲು ಮುಗಿಲನ್ನೇ ನೋಡೋಣ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆ ಮುಗಿಲು ಅಂದರೆ ಆಕಾಶ. ಚುಕ್ಕಿ ಮೂಡೋದು ಮುಗಿಲಲ್ಲಿ, ಹಕ್ಕಿ ಹಾರೋದು ಮುಗಿಲಲ್ಲಿ, ಮ್ವಾಡ ಬರೋದೂ ಮುಗಿಲಿಗೇ. ಹಳೇ ಮೈಸೂರು ಕಡೆಯ ಮಾತಿನಲ್ಲಿ ಈ ಪದ ಅಷ್ಟಾಗಿ ಕೇಳುವುದಿಲ್ಲ. ಅಲ್ಲಿ ಅದು ಪದ್ಯದ ಪದ. ಪದ್ಯ ಓದಿಸುವಾಗ 'ಮುಗಿಲು ಎಂದರೆ ಮೋಡ' ಅಂತ ಮೇಷ್ಟ್ರು ಅರ್ಥ ಬರೆಸಿರುತ್ತಾರೆ. ನಿಮ್ಮ ಗೊಂದಲ ಹುಟ್ಟಿದ್ದು ಇಲ್ಲೇ.

ಆದರೂ ಆಕಾಶ ಅನ್ನುವ ಅರ್ಥ ನಿಮಗೆ ಹೊಸದಲ್ಲ. 'ಜೈಕಾರ ಮುಗಿಲು ಮುಟ್ಟಿತು' ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. 'ಮನೆಯವರ ಆಕ್ರಂದನ ಮುಗಿಲು ಮುಟ್ಟಿತ್ತು' ಅಂತಲೂ ಓದಿರುತ್ತೀರಿ. ಆ ದಿನ ಮೋಡ ಇತ್ತೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಈಗ ಪದ ಬದಲಿಸಿ ನೋಡಿ: 'ಜೈಕಾರ ಮೋಡ ಮುಟ್ಟಿತು'. ಕಿವಿಗೆ ಸರಿ ಕೇಳುವುದಿಲ್ಲ, ಅಲ್ವಾ? ಎರಡು ಪದ ಒಂದೇನಾ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ವಾಕ್ಯ ಒಪ್ಪಿಕೊಂಡರೆ ಒಂದೇ, ಒಪ್ಪದಿದ್ದರೆ ಬೇರೆ. ಮಗಳಿಗೂ ಇದನ್ನು ಹೇಳಿಕೊಡಿ.

ಎರಡು ಅರ್ಥಗಳಲ್ಲಿ ಹಳೆಯದು ಯಾವುದು? ಮೋಡವೇ. ಹೇಗೆ ಗೊತ್ತು ಅಂದರೆ, ಅಕ್ಕಪಕ್ಕದ ಭಾಷೆಗಳಲ್ಲೂ ಈ ಪದ ಇದೆ. ತಮಿಳು ಮಲಯಾಳಗಳಲ್ಲಿ ಮುಕಿಲ್, ತೆಲುಗಿನಲ್ಲಿ ಮೊಗುಲು. ಅಲ್ಲೂ ಅರ್ಥ ಮೋಡ. ಒಂದೇ ಬೇರಿನ ಪದಕ್ಕೆ ಇಷ್ಟು ಕಡೆ ಮೋಡ ಅಂತಲೇ ಅರ್ಥ ಇದೆ ಅಂದರೆ, ಆಕಾಶ ಆಮೇಲೆ ಸೇರಿದ ಅರ್ಥ. ಮೋಡ ಇರುವ ಜಾಗಕ್ಕೂ ಮೋಡದ ಹೆಸರೇ ಹತ್ತಿಕೊಂಡಿತು.

ಇದು ನಮ್ಮಲ್ಲಷ್ಟೇ ಆದದ್ದಲ್ಲ. ಸಂಸ್ಕೃತದ 'ಅಭ್ರ' ಕೂಡ ಹೀಗೇ. ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶ ಈ ಪದವನ್ನು ಎರಡು ಕಡೆ ಇಟ್ಟಿದೆ. ಆಕಾಶದ ಹೆಸರುಗಳ ಸಾಲಿನಲ್ಲಿ ಒಂದು ಸಲ, ಮೋಡದ ಹೆಸರುಗಳ ಸಾಲಿನಲ್ಲಿ ಇನ್ನೊಂದು ಸಲ. ಇಂಗ್ಲಿಷಿನವರು ಆಕಾಶಕ್ಕೆ ಸ್ಕೈ ಅನ್ನುತ್ತಾರಲ್ಲ, ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಅಲ್ಲಿ ಅದಕ್ಕೆ ಮೋಡ ಅಂತ ಅರ್ಥ ಇತ್ತು. ಅವರ ಕ್ಲೌಡ್ ಪದದ ಕಥೆ ಇನ್ನೂ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬಂಡೆ, ಗುಡ್ಡ. ಬಂಡೆಯ ಹಾಗೆ ರಾಶಿ ಬಿದ್ದ ಮೋಡ ನೋಡಿ ಆ ಹೆಸರು ಇಟ್ಟರು. ಹಾಗಾಗಿ ಮುಗಿಲನ್ನು ಆಕಾಶ ಅನ್ನೋದು ಹಳ್ಳಿಯವರ ತಪ್ಪು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಮೋಡ. ಈ ಪದದ ನಿಜವಾದ ಬೆಲೆ ತಿಳಿಯಬೇಕಾದರೆ ನಿಘಂಟು ಸಾಲದು. ಅದರ ಜೊತೆ ಯಾವ ಕ್ರಿಯಾಪದ ಬರುತ್ತೆ ಅಂತ ನೋಡಬೇಕು. ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಮನೆಯಲ್ಲಿ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ಕಡಿಮೆ, ಶೇಂಗಾ ಬೆಳೆ. ಶೇಂಗಾ ಹೂ ಮುಗಿದು ಕಾಯಿ ಕಟ್ಟುವ ಹೊತ್ತಿಗೆ ಒಂದು ಮಳೆ ಬೇಕೇ ಬೇಕು. ಆ ದಿನಗಳಲ್ಲಿ ಅಪ್ಪ ಸಂಜೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಅಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳಿದರು, 'ಮೋಡ ಆಗೈತಾ?' ಅಪ್ಪ ಪಡುವಣ ದಿಕ್ಕು ನೋಡುತ್ತಾ, 'ಆಗೈತೆ, ಕಟ್ಟಿಲ್ಲ' ಅಂದರು. ಅಮ್ಮ ಒಳಗೇ ಉಳಿದರು. ಅಂಗಳದಲ್ಲಿ ಒಣಮೆಣಸಿನಕಾಯಿ ಹರಡಿತ್ತು, ಅದರ ಕಡೆ ಬರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅಪ್ಪ ಒಂದೇ ಮಾತು ಅಂದರು: 'ಕಟ್ತು.' ಅಮ್ಮ ಮೊರ ಹಿಡಿದು ಓಡಿ ಬಂದು ಮೆಣಸಿನಕಾಯಿ ಬಾಚಿದರು. ಕೊನೆಯ ಮೊರ ಒಳಗೆ ಹೋಗುವಷ್ಟರಲ್ಲಿ ದಪ್ಪ ಹನಿ ಬಿತ್ತು.

ಆಗಿದೆ, ಕಟ್ಟಿದೆ. ಈ ಎರಡರ ನಡುವೆ ಒಂದು ಮೆಣಸಿನಕಾಯಿ ಬೆಳೆ ಉಳಿಯಬಹುದು, ಹಾಳಾಗಬಹುದು. 'ಮೋಡ ಆಗಿದೆ' ಅಂದರೆ ಬಿಸಿಲು ಮಂಕಾಗಿದೆ, ಅಷ್ಟೇ. 'ಮೋಡ ಹಾಕಿದೆ' ಅಂದರೂ ಹೆಚ್ಚು ಕಡಿಮೆ ಅದೇ. 'ಮೋಡ ಮುಚ್ಚಿಕೊಂಡಿದೆ' ಅಂದರೆ ಸೂರ್ಯ ಕಾಣುತ್ತಿಲ್ಲ, ಆದರೆ ಮಳೆ ಬಂದೇ ಬರುತ್ತೆ ಅನ್ನೋ ಹಾಗಿಲ್ಲ. 'ಮೋಡ ಕಟ್ಟಿದೆ' ಅಂದರೆ ಕೊಡೆ ತಗೊಂಡು ಹೊರಡಿ. 'ಮೋಡ ಹಾಯ್ದು ಹೋಯ್ತು' ಅಂದರೆ ಆಸೆ ತೋರಿಸಿ ಬೇರೆ ಊರಿಗೆ ಹೋಯ್ತು.

ಕಟ್ಟು ಅನ್ನುವ ಈ ಕ್ರಿಯಾಪದವನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಿ. ಜೇನು ಕಟ್ಟುತ್ತೆ. ಹಾಲಿನ ಮೇಲೆ ಕೆನೆ ಕಟ್ಟುತ್ತೆ. ಜೋಳದ ತೆನೆಯಲ್ಲಿ ಕಾಳು ಕಟ್ಟುತ್ತೆ. ಹೂ ಉದುರಿದ ಮಾವಿನಲ್ಲಿ ಹೀಚು ಕಟ್ಟುತ್ತೆ. ಎಲ್ಲ ಕಡೆಯೂ ಒಂದು ಒಳ್ಳೆಯ ವಸ್ತು ಮೆಲ್ಲಗೆ ಕೂಡಿಕೊಂಡು ತುಂಬಿ ಬರುವ ಕೆಲಸ ಅದು. ಕನ್ನಡಿಗರು ಮೋಡವನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದಾರೆ. 'ಹೆಪ್ಪುಗಟ್ಟಿದ ಮೋಡ' ಅನ್ನುವ ಮಾತೂ ಇದೆ. ಹೆಪ್ಪು ಹಾಕಿದ ಹಾಲು ರಾತ್ರಿಯೆಲ್ಲ ಕೂತು ಗಟ್ಟಿ ಮೊಸರಾಗುತ್ತಲ್ಲ, ಹಾಗೆ. ಹೊಲದ ಮಾತು, ಅಡುಗೆಮನೆಯ ಮಾತು ಎರಡೂ ಮೋಡಕ್ಕೆ ಸಿಕ್ಕಿವೆ.

ಇಲ್ಲಿಂದಲೇ ನನಗೆ ಬೇಸರ ತರುವ ಒಂದು ಬಳಕೆಯ ಬಗ್ಗೆ ಹೇಳಬೇಕು. ಅದು ಕಾರ್ಮೋಡ.

'ಯುದ್ಧದ ಕಾರ್ಮೋಡ', 'ಆರ್ಥಿಕ ಹಿಂಜರಿತದ ಕಾರ್ಮೋಡ', 'ಸರ್ಕಾರದ ಮೇಲೆ ಆತಂಕದ ಕಾರ್ಮೋಡ'. ದಿನಾ ಓದುತ್ತೇವೆ. ಕೆಟ್ಟದ್ದು ಏನೇ ಬರಲಿ, ಅದು ಕಾರ್ಮೋಡದ ರೂಪದಲ್ಲೇ ಬರಬೇಕು. ಆಮೇಲೆ ಸ್ವಲ್ಪ ಸಮಾಧಾನ ಹೇಳಬೇಕಾದಾಗ ಅದರ ಅಂಚಿನಲ್ಲಿ ಒಂದು 'ಬೆಳ್ಳಿ ಗೆರೆ' ಮೂಡುತ್ತೆ. ಬೆಳ್ಳಿ ಗೆರೆ ಇಂಗ್ಲಿಷ್ ಗಾದೆಯಿಂದ ಬಂದದ್ದು. ಕಾರ್ಮೋಡವನ್ನು ಕೇಡು ಅನ್ನುವ ಅಭ್ಯಾಸವೂ ಆ ದಾರಿಯಲ್ಲೇ ನಮ್ಮ ಪತ್ರಿಕೆಗಳಿಗೆ ಬಂದಿದೆ ಅಂತ ನನ್ನ ಎಣಿಕೆ. ವರ್ಷವೆಲ್ಲ ಮಳೆ, ಚಳಿ ಇರುವ ದೇಶದಲ್ಲಿ ಬಿಸಿಲು ಬಂದರೆ ಹಬ್ಬ. ನಮ್ಮಲ್ಲಿ ಹಾಗಲ್ಲ. 'ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲ' ಅಂತ ಗಾದೆ ಕಟ್ಟಿದ ಜನ ಕಪ್ಪು ಮೋಡ ಕಂಡು ಹೆದರುತ್ತಾರಾ?

ಪದದ ಒಳಗೇ ಇದಕ್ಕೆ ಸಾಕ್ಷಿ ಇದೆ. ಕಾರ್ ಅಂದರೆ ಕಪ್ಪು. ಕಾರ್ಗತ್ತಲು ಅನ್ನುವಲ್ಲಿ ಇರುವುದು ಅದೇ. ಕಾರ್ ಅಂದರೆ ಮಳೆಗಾಲ ಕೂಡ. ಕಾರ್ಗಾಲ ಅಂದರೆ ಮಳೆಗಾಲ. ಮೊದಲು ಬರುವ ಕಾರು ಮುಂಗಾರು, ಹಿಂದೆ ಬರುವ ಕಾರು ಹಿಂಗಾರು. ನಿಮ್ಮ ಕಡೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುವ ಕಾರಹುಣ್ಣಿಮೆಯಲ್ಲೂ ಅದೇ ಕಾರು ಕೂತಿದೆ. ಅಂದರೆ ಕನ್ನಡದಲ್ಲಿ ಮೋಡದ ಕಪ್ಪು, ಮಳೆಗಾಲ, ಬಿತ್ತನೆ ಎಲ್ಲ ಒಂದೇ ಪದದ ಕೊಂಬೆಗಳು. ಆ ಪದವನ್ನು ಯುದ್ಧಕ್ಕೂ ಸಾಲಕ್ಕೂ ಕೊಟ್ಟುಬಿಟ್ಟರೆ ರೈತ ತನ್ನ ಸಂತೋಷಕ್ಕೆ ಯಾವ ಪದ ಹುಡುಕಬೇಕು?

ದೇವರ ಬಣ್ಣವನ್ನೇ ನೋಡಿ. ಮೇಘಶ್ಯಾಮ, ನೀಲಮೇಘಶ್ಯಾಮ, ಘನಶ್ಯಾಮ ಅಂತ ಕೃಷ್ಣನನ್ನು ಕರೆಯುತ್ತೇವೆ. ಘನಶ್ಯಾಮದಲ್ಲಿ ಘನ ಅಂದರೆ ಮೋಡವೇ. ಮೋಡದಷ್ಟು ಕಪ್ಪಗಿದ್ದಾನೆ ಅನ್ನೋದು ನಮ್ಮ ಜನಕ್ಕೆ ಅಂದದ ಮಾತು. ಚಾತಕ ಪಕ್ಷಿ ಕಾಯುವುದೂ ಮೋಡಕ್ಕೆ, ನವಿಲು ಕುಣಿಯುವುದೂ ಮೋಡ ಕಂಡು.

ಒಂದು ಮಾತು ಒಪ್ಪಿಕೊಳ್ಳಬೇಕು. ಮೋಡ ಸೂರ್ಯನನ್ನು ಮರೆಮಾಡುತ್ತೆ ಅನ್ನುವ ಹೋಲಿಕೆ ನಮ್ಮಲ್ಲೂ ಹಳೆಯದು. ಅಜ್ಞಾನ ಅರಿವನ್ನು ಮುಸುಕುವುದಕ್ಕೆ ಅದನ್ನು ಹೇಳುತ್ತಾರೆ. ಆದರೆ ಅಲ್ಲಿ ಮೋಡ ಬರೀ ಪರದೆ. ಸರಿದರೆ ಆಯ್ತು. ಕೇಡು ಹೊತ್ತು ತರುವ ಮೋಡ ಬೇರೆ. ಹಾಗೇ, ಆಷಾಢದಲ್ಲಿ ಎಂಟು ದಿನ ಬಟ್ಟೆ ಒಣಗದೆ ಕೂತ ಮಲೆನಾಡಿನವರಿಗೆ ಮೋಡ ಸಾಕಾಗಿರುತ್ತೆ, ಅದೂ ನಿಜ. ಹಪ್ಪಳ ಹಾಕಿದ ದಿನ ಮೋಡ ಆದರೆ ಯಾರಿಗೂ ಖುಷಿ ಆಗಲ್ಲ. ಆದರೆ ಮನೆಯ ಈ ಸಣ್ಣ ಬೇಸರಕ್ಕೂ ಪತ್ರಿಕೆಯ ಕಾರ್ಮೋಡಕ್ಕೂ ನಂಟಿಲ್ಲ.

ಈಗ ಮೇಘ. ಇದು ಸಂಸ್ಕೃತದಿಂದ ಬಂದ ಪದ. ಮಿಹ್ ಅನ್ನುವ ಧಾತು, ಅದರ ಅರ್ಥ ನೀರು ಸುರಿಸು ಅಂತ. ಮನೆಮಾತಿನಲ್ಲಿ 'ಇವತ್ತು ಮೇಘ ಆಗಿದೆ' ಅಂತ ಯಾರೂ ಅನ್ನುವುದಿಲ್ಲ. ಹೆಸರುಗಳಲ್ಲಿ, ಹಾಡಿನಲ್ಲಿ, ಸಮಾಸಗಳಲ್ಲಿ ಅದು ಚೆನ್ನಾಗಿ ಕೂರುತ್ತೆ. ಇಂದ್ರಜಿತುವಿನ ಇನ್ನೊಂದು ಹೆಸರು ಮೇಘನಾದ, ಗುಡುಗಿನ ದನಿಯವನು. ಮೇಘಗಳ ಮನೆ ಅಂತ ಹೆಸರು ಪಡೆದ ಮೇಘಾಲಯ 1972ರಲ್ಲಿ ರಾಜ್ಯ ಆಯ್ತು.

ಸಂಸ್ಕೃತದಲ್ಲಿ ಮೋಡಕ್ಕೆ ಹೆಸರುಗಳು ಬಹಳ. ಅಮರಕೋಶ ಒಂದೂವರೆ ಶ್ಲೋಕದಲ್ಲಿ 15 ಹೆಸರು ಹೇಳಿ ಮುಗಿಸುತ್ತೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೋಡದ ಹಲವು ಹೆಸರುಗಳಿಗೆ ಒಂದು ಬೀಗದ ಕೈ ಇದೆ. ನೀರಿಗೆ ಇರುವ ಒಂದು ಪದ ತಗೊಳ್ಳಿ: ಜಲ, ಅಂಬು, ವಾರಿ, ನೀರ, ಯಾವುದಾದರೂ. ಕೊನೆಗೆ 'ದ' ಸೇರಿಸಿ. ದ ಅಂದರೆ ಕೊಡುವವನು. ಜಲದ, ಅಂಬುದ, ವಾರಿದ, ನೀರದ: ಎಲ್ಲ ಮೋಡ. 'ಜ' ಸೇರಿಸಿದರೆ ನೀರಿನಲ್ಲಿ ಹುಟ್ಟಿದ್ದು, ಅಂದರೆ ತಾವರೆ: ಜಲಜ, ಅಂಬುಜ, ವಾರಿಜ, ನೀರಜ. 'ಧಿ' ಸೇರಿಸಿದರೆ ನೀರನ್ನು ತುಂಬಿಕೊಂಡದ್ದು, ಸಮುದ್ರ: ಜಲಧಿ, ಅಂಬುಧಿ, ವಾರಿಧಿ. ಒಂದು ಅಕ್ಷರ ಬದಲಾದರೆ ಕೆರೆಯ ಹೂವು ಆಕಾಶಕ್ಕೆ ಹೋಗುತ್ತೆ. ಪರಿಚಯದವರೊಬ್ಬರು ಮಗನಿಗೆ ನೀರದ ಅಂತ ಹೆಸರಿಟ್ಟು, ತಾವರೆ ಅಂತ ಎಲ್ಲರಿಗೂ ಅರ್ಥ ಹೇಳುತ್ತಿದ್ದರು. ಮೋಡ ಅಂತ ತಿಳಿದ ಮೇಲೆ ಅವರಿಗೆ ಹೆಸರು ಇನ್ನೂ ಹಿಡಿಸಿತು.

ಪಯೋಧರ ಅನ್ನುವ ಹೆಸರು ನನಗೆ ಬಹಳ ಇಷ್ಟ. ಪಯಸ್ ಅಂದರೆ ನೀರು, ಹಾಲು ಎರಡೂ. ಹಾಗಾಗಿ ಪಯೋಧರ ಅಂದರೆ ಮೋಡವೂ ಹೌದು, ತಾಯಿಯ ಎದೆಯೂ ಹೌದು. ಅಮರಕೋಶದ ಪಟ್ಟಿಯ ಕೊನೆಗೆ ಬರುವ ಧೂಮಯೋನಿ ಇನ್ನೊಂದು. ಹೊಗೆಯಿಂದ ಹುಟ್ಟಿದ್ದು ಅಂತ ಅರ್ಥ. ಇವತ್ತಿನ ವಿಜ್ಞಾನವೂ ಮೋಡದ ಹನಿ ಸುಮ್ನೆ ಗಾಳಿಯಲ್ಲಿ ಹುಟ್ಟುವುದಿಲ್ಲ ಅನ್ನುತ್ತೆ. ಧೂಳು, ಹೊಗೆ, ಸಮುದ್ರದ ಉಪ್ಪಿನ ಕಣ, ಹೀಗೆ ಏನಾದರೂ ಒಂದನ್ನು ಹಿಡಿದುಕೊಂಡೇ ನೀರಾವಿ ಹನಿಯಾಗಬೇಕು. ಆ ಹನಿ ಎಷ್ಟು ಸಣ್ಣದು ಅಂದರೆ, ಸುಮಾರು ಹತ್ತು ಲಕ್ಷ ಸೇರಿದರೆ ಒಂದು ಮಳೆಹನಿ. ಹೆಸರು ಇಟ್ಟವರಿಗೆ ಈ ಲೆಕ್ಕ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಹೊಗೆಯೂ ಮೋಡವೂ ಒಂದೇ ಥರ ಏಳೋದನ್ನು ಅವರು ಕಣ್ಣಿಟ್ಟು ನೋಡಿದ್ದರು. ಅಭ್ರದಿಂದ ಅಭ್ರಕ ಅನ್ನುವ ಪದವೂ ಇದೆ. ಅದು ಪದರ ಪದರವಾಗಿ ಬಿಡುವ, ಹೊಳೆಯುವ ಖನಿಜ. ಅದನ್ನೇ ನಾವು ಕಾಗೆಬಂಗಾರ ಅನ್ನೋದು.

ಮೋಡಕ್ಕೆ ಹತ್ತಿರದ ಪದಗಳು ಇನ್ನೂ ಎರಡು ಇವೆ. ತೆಲುಗಿನಲ್ಲಿ ಮಬ್ಬು ಅಂದರೆ ಮೋಡ. ಕನ್ನಡದಲ್ಲಿ ಅದು ಮಸುಕು ಬೆಳಕಿಗೆ, ಮಂಕಿಗೆ ನಿಂತಿದೆ: ಮಬ್ಬುಗತ್ತಲು, ಕಣ್ಣು ಮಬ್ಬಾಗಿದೆ. ಇನ್ನೊಂದು ಮಂಜು. ಮಂಜಿಗೂ ಮೋಡಕ್ಕೂ ವಸ್ತುವಿನಲ್ಲಿ ಭೇದ ಇಲ್ಲ. ಎರಡೂ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳೇ. ಭೇದ ಇರೋದು ನಾವು ಎಲ್ಲಿ ನಿಂತಿದ್ದೇವೆ ಅನ್ನುವುದರಲ್ಲಿ. ಮುಳ್ಳಯ್ಯನಗಿರಿಯ ತುದಿಗೆ ಮೋಡ ಮುತ್ತಿದ ದಿನ, ಕೆಳಗೆ ಚಿಕ್ಕಮಗಳೂರಿನಲ್ಲಿ ನಿಂತವರು 'ಗಿರಿಗೆ ಮೋಡ ಹಾಕಿದೆ' ಅನ್ನುತ್ತಾರೆ. ಅದೇ ಹೊತ್ತಿಗೆ ಮೇಲೆ ನಿಂತವರು 'ಅಯ್ಯೋ, ಮಂಜು, ಏನೂ ಕಾಣಲ್ಲ' ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಮೋಡ, ಒಳಗೆ ಸಿಕ್ಕಿಕೊಂಡರೆ ಮಂಜು.

ಹೊಸ ಪದಗಳಲ್ಲಿ ನನಗೆ ಹೆಮ್ಮೆ ಅನ್ನಿಸುವುದು ಮೋಡ ಬಿತ್ತನೆ. 2003ರಲ್ಲಿ ವರುಣ ಅಂತ, 2017ರಲ್ಲಿ ವರ್ಷಧಾರೆ ಅಂತ ನಮ್ಮ ಸರ್ಕಾರ ವಿಮಾನದಿಂದ ಇದನ್ನು ಮಾಡಿಸಿತು. ಸಿಲ್ವರ್ ಅಯೋಡೈಡಿನಂಥ ಪುಡಿಯನ್ನು ಮೋಡಕ್ಕೆ ತೂರುತ್ತಾರೆ, ಹನಿ ಹಿಡಿದುಕೊಳ್ಳೋಕೆ ಅದು ಕಾಳಾಗುತ್ತೆ. ಕೂರಿಗೆ ಹಿಡಿದ ರೈತನ ಪದವೇ ಅಲ್ಲಿಗೂ ಹೋಯ್ತು. ಬಿತ್ತಬೇಕಾದರೆ ಹೊಲ ಇರಬೇಕು, ಹಾಗೇ ಮೋಡ ಇದ್ದರಷ್ಟೇ ಬಿತ್ತನೆ. ಬರಿಯ ಮುಗಿಲಲ್ಲಿ ಏನೂ ಆಗಲ್ಲ.

ಮೇಘಸ್ಫೋಟ ಅನ್ನುವುದು ಇನ್ನೊಂದು. ಸಣ್ಣ ಜಾಗದಲ್ಲಿ ಒಂದೇ ಗಂಟೆಗೆ 100 ಮಿಲಿಮೀಟರ್‌ನಷ್ಟು ಅಥವಾ ಅದಕ್ಕಿಂತ ಜಾಸ್ತಿ ಮಳೆ ಸುರಿದರೆ ಹವಾಮಾನ ಇಲಾಖೆ ಆ ಹೆಸರು ಕೊಡುತ್ತೆ. ಜೋರು ಮಳೆಗೆಲ್ಲ ಮೇಘಸ್ಫೋಟ ಅನ್ನಬಾರದು. ಜೋರು ಮಳೆಗೆ ನಿಮ್ಮ ಕಡೆಯ ಮಾತೇ ಚೆಂದ: 'ಮುಗಲ ಹರಕೊಂಡ ಬಿದ್ದಂಗ ಮಳಿ ಆತು.' ಗಮನಿಸಿ, ಮೋಡಕ್ಕೆ ಬಿತ್ತನೆ ಜೋಡಿ, ಮೇಘಕ್ಕೆ ಸ್ಫೋಟ ಜೋಡಿ. ಕನ್ನಡದ ಪದಕ್ಕೆ ಕನ್ನಡದ್ದು, ಸಂಸ್ಕೃತದ್ದಕ್ಕೆ ಸಂಸ್ಕೃತದ್ದು. ಇವನ್ನು ಅದಲು ಬದಲು ಮಾಡಿದರೆ ವ್ಯಾಕರಣದವರು ಅರಿಸಮಾಸ ಅನ್ನುತ್ತಾರೆ. ಮೋಡಸ್ಫೋಟ, ಕಾರ್ಮೇಘ ಇಂಥವು ಕಿವಿಗೂ ಒರಟು. ಫೋಟೊ ಇಡುವ ಕಂಪ್ಯೂಟರ್ ಕ್ಲೌಡ್‌ಗೆ ಕ್ಲೌಡ್ ಅಂತಲೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತೆ.

ಬರೆಯುವಾಗ ಆಗುವ ಎರಡು ತಪ್ಪು ಹೇಳಿಬಿಡುತ್ತೇನೆ. 'ಎಲ್ಲಕ್ಕಿಂತ ಮುಗಿಲಾದದ್ದು' ಅಂತ ಕೆಲವರು ಬರೆಯುತ್ತಾರೆ. ಅದು ಮಿಗಿಲಾದದ್ದು. ಮಿಗಿಲು ಅಂದರೆ ಹೆಚ್ಚಿನದು, ಮಿಗು ಅನ್ನುವುದರಿಂದ ಬಂದದ್ದು. ಇನ್ನೊಂದು, ಆಗಸ್ಟ್ ಕೊನೆಯ ಭಾಗದ ಮಘೆ ಮಳೆಯನ್ನು 'ಮೇಘ ಮಳೆ' ಅಂತ ಬರೆಯುವುದು. ಅದು ಮಘಾ ನಕ್ಷತ್ರದ ಮಳೆ. ಮೇಘಕ್ಕೂ ಅದಕ್ಕೂ ನಂಟಿಲ್ಲ.

ಮಗಳ ಪರೀಕ್ಷೆಯಲ್ಲಿ ಮೋಡಕ್ಕೆ ಸಮಾನಾರ್ಥಕ ಕೇಳಿದರೆ ಮುಗಿಲು, ಮೇಘ ಅಂತಲೇ ಬರೆಯಲಿ, ಅಂಕ ಸಿಗುತ್ತೆ. ಮನೆಯಲ್ಲಿ ಮಾತ್ರ ಅವಳನ್ನು ಅಜ್ಜಿಯ ಜೊತೆ ಅಂಗಳಕ್ಕೆ ಕಳಿಸಿ. ಮೋಡ ಬಂದಾಗಲೆಲ್ಲ ಅಜ್ಜಿ ಏನೇನು ಅನ್ನುತ್ತಾರೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಲಿ. ಮಳೆ ಬರುವ ಮ್ವಾಡಕ್ಕೆ ಯಾವ ಮಾತು, ಬರದೆ ಹೋಗುವುದಕ್ಕೆ ಯಾವ ಮಾತು, ಸಂಜೆ ಕೆಂಪಾದದ್ದಕ್ಕೆ ಯಾವುದು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪುಸ್ತಕ ತುಂಬಿದರೆ ನನಗೂ ಒಂದು ಪ್ರತಿ ಕಳಿಸಿ. ಚಳ್ಳಕೆರೆ ಕಡೆಯ ಪಟ್ಟಿ ನನ್ನ ಹತ್ತಿರ ಇದೆ, ಧಾರವಾಡದ್ದು ಇನ್ನೂ ಬೇಕು.